ಬುಟ್ಟಿಯಲ್ಲಿ ಬಂದ ಟೊಮೆಟೊ

ಜೂನ್ ೧೪, ಭಾನುವಾರ

ಕೆಳಗಿನ ಮನೆಯಲ್ಲಿ ಓರಗಿತ್ತಿಯ ಗಿಡದ ಟೊಮೆಟೊ ಹಣ್ಣಾಗಿದೆ. ನನ್ನದರಲ್ಲಿ ಇನ್ನೂ ಹೂವೇ ಇಲ್ಲ. ಸೋಂಕಿನ ಭಯಕ್ಕೆ ಬಾಗಿಲು ಹಾಕಿಕೊಂಡ ವಾರ ಒಂದೇ ಹಣ್ಣಿನ ಬೀಜ ಹಂಚಿಕೊಂಡವರು ನಾವು. ಹಂಚಿದವಳೂ ನಾನೇ. ಒಳ್ಳೆಯ ಬೀಜವೆಲ್ಲ ಅವಳ ಪಾಲಿಗೆ ಹೋಯಿತೇನೋ.

ಇವರಿಗೆ ಹೇಳಿದರೆ ನಗು. "ದಿನಾ ಬೆಳಿಗ್ಗೆ ಎಲೆಗೆಲ್ಲ ಸ್ಯಾನಿಟೈಸರ್ ಹೊಡೀತೀಯಲ್ಲ! ನಿನ್ನ ಗಿಡಕ್ಕೆ ಕಾಯಿಲೆ ಬರಲ್ಲ ಬಿಡು, ಕಾಯೂ ಬರಲ್ಲ."

ಬಾಗಿಲ ಚಿಲಕದಿಂದ ಹಾಲಿನ ಪ್ಯಾಕೆಟ್ಟಿನವರೆಗೆ ಎಲ್ಲ ಒರೆಸುವವಳು ಗಿಡವೊಂದನ್ನು ಬಿಡುತ್ತೇನೆಯೇ? ಮೊದಲೇ ಹೇಳಬಾರದಿತ್ತೇ?

ಸಂಜೆ ಅವಳು ಕೆಳಗಿನಿಂದ ಕೂಗಿದಳು. "ಅಕ್ಕಾ, ಬುಟ್ಟಿ ಇಳಿಸಿ!" ಹಳೆಯ ಬೆಡ್‌ಶೀಟ್ ಸೀಳಿ ನಾನೇ ಹೆಣೆದ ಬುಟ್ಟಿ ಅದು. ಒಬ್ಬರ ಮನೆಗೊಬ್ಬರು ಹೋಗುವುದು ನಿಂತ ಮೇಲೆ ಕೊಡುವುದು, ತರಿಸಿಕೊಳ್ಳುವುದೆಲ್ಲ ಅದರಲ್ಲೇ. ಮೇಲೆಳೆದು ನೋಡಿದರೆ ಅವಳ ಮೊದಲ ಹಣ್ಣು. ತಿರುಗಿಸಿ ತಿರುಗಿಸಿ ನೋಡಿದೆ, ಒಂದು ಕಲೆಯೂ ಇಲ್ಲ.

"ನಾನು ಹೆಣೆದಿದ್ದು ಮೂರು ಸಲ ಬಿಚ್ಚಿಹೋಯ್ತು. ನಂಗೂ ಹೇಳ್ಕೊಡಿ ಅಕ್ಕಾ."

"ತುಂಬಾ ಕಷ್ಟ ಕಣೇ, ಎಲ್ಲರ ಕೈಗೂ ಬರಲ್ಲ," ಎಂದೆ. ಅಂಚು ಮಡಚಿ ಗಂಟು ಹಾಕಿದರೆ ಮುಗಿಯಿತು, ಅರ್ಧ ಗಂಟೆಯ ಕೆಲಸ.

ಹಣ್ಣನ್ನು ಸೋಪಿನಲ್ಲಿ ಎರಡು ಸಲ ತೊಳೆದು, ಸಿಂಕಿನ ಮುಂದೆ ನಿಂತೇ ತಿಂದೆ. ಸಪ್ಪೆಯಾಗಿರಲಿ ಎಂದುಕೊಂಡಿದ್ದೆ. ದರಿದ್ರದ್ದು, ಎಷ್ಟು ರುಚಿ! ಇವರಿಗೆ ಒಂದು ಹೋಳೂ ಉಳಿಸಲಿಲ್ಲ.

ಅದರದೇ ನಾಲ್ಕು ಬೀಜ ಕಾಗದದ ಮೇಲೆ ಒಣಗುತ್ತಿವೆ. ಅವು ಮೊಳೆತ ಮೇಲೆ ಅವಳಿಗೆ ಬುಟ್ಟಿ ಹೆಣೆಯುವುದು ಹೇಳಿಕೊಟ್ಟರಾಯಿತು. ಇಲ್ಲ, ಹಣ್ಣು ಬಿಟ್ಟ ಮೇಲೆ. ಅದೂ ಅವಳದಕ್ಕಿಂತ ದೊಡ್ಡದು ಬಿಟ್ಟರೆ.