ಎಡಗಡೆಯ ಮಡ್‌ಗಾರ್ಡ್

ಪ್ರೀತಿಯ ಮಾವನವರಿಗೆ,

ನಮಸ್ಕಾರ. ಅತ್ತೆ ಇದನ್ನು ಓದಿ ಹೇಳುವಾಗ ಮಧ್ಯದಲ್ಲಿ ಬೈಯಬೇಡಿ, ಪೂರ್ತಿ ಕೇಳಿ. ನೀವು ನನಗೆ ಬಿಟ್ಟುಕೊಟ್ಟ ಟಿಂಕರಿಂಗ್ ಶೆಡ್ಡಿಗೆ ಒಂದು ಹಳೆಯ ಸ್ಪೋರ್ಟ್ಸ್ ಕಾರಿನ ಬರಿಯ ಬಾಡಿ ತಂದಿದ್ದೇನೆ.

“ಎಂಜಿನ್ ಇಲ್ಲ, ಸೀಟಿಲ್ಲ, ಎಡಗಡೆ ಪೂರ್ತಿ ಅಪ್ಪಚ್ಚಿ. ಏನು ನೋಡಿ ತಗೊಳ್ತೀರಮ್ಮ?” ಅಂತ ಗುಜರಿಯವನು ಕೇಳಿದ. “ಬಲಗಡೆ ನೋಡಿ,” ಅಂದೆ.

ಜಜ್ಜಿಹೋದದ್ದನ್ನು ಕತ್ತರಿಸಿ ತೆಗೆದು, ನನ್ನದೇ ವಿನ್ಯಾಸದಲ್ಲಿ ಹೊಸ ತಗಡು ಕೂರಿಸೋಣ ಅಂದುಕೊಂಡಿದ್ದೆ. ನಿನ್ನೆ ಬೆಳಿಗ್ಗೆ ಎಡಗಡೆಯ ಮಡ್‌ಗಾರ್ಡಿನ ಬಣ್ಣ ಕೆರೆದೆ. ಐದು ಪದರ ಹೋದ ಮೇಲೆ ತಗಡು ಕಂಡಿತು. ಮಾವ, ಮುಂದಿನ ದೀಪದಿಂದ ಬಾಗಿಲಿನವರೆಗೆ ಎಲ್ಲೂ ಒಂದು ಬೆಸುಗೆಯಿಲ್ಲ. ಒಳಗೆ ಕೈ ಹಾಕಿದರೆ ಸಣ್ಣ ಸುತ್ತಿಗೆಯ ಸಾವಿರಾರು ಗುರುತುಗಳು ಸಾಲುಸಾಲಾಗಿ ಸಿಕ್ಕವು. ಯಾರೋ ಒಂದೇ ತಗಡನ್ನು ಕೈಯಲ್ಲಿ ಬಡಿದು ಬಡಿದು ಮಡ್‌ಗಾರ್ಡಿನ ಉಬ್ಬನ್ನೆಲ್ಲ ಎಬ್ಬಿಸಿದ್ದಾರೆ. ಕಟ್ಟರ್ ಕೈಯಲ್ಲೇ ಇತ್ತು, ಸ್ವಿಚ್ ಒತ್ತಲು ಮನಸ್ಸಾಗಲಿಲ್ಲ. ಅದನ್ನು ಕೆಳಗಿಟ್ಟೆ.

ಕತ್ತರಿಸದೆ ಈ ನೆಗ್ಗನ್ನು ಎಬ್ಬಿಸಬಹುದೇ? ಪೆಟ್ಟು ಎಲ್ಲಿ ಬಿತ್ತು, ಎಲ್ಲಿಂದ ಶುರು ಮಾಡಬೇಕು ಎಂಬುದು ನನ್ನ ಬೆರಳಿಗೆ ತಿಳಿಯುತ್ತಿಲ್ಲ. ನಿಮ್ಮ ಬೆರಳಿಗೆ ತಿಳಿಯುತ್ತದೆ.

ಕಣ್ಣು ಹೋದ ಮೇಲೆ ನೀವು ಶೆಡ್ಡಿನ ಕಡೆ ಬಂದಿಲ್ಲ. “ಕುರುಡನಿಗೆ ಅಲ್ಲೇನು ಕೆಲಸ?” ಅಂದಿದ್ದಿರಿ. ಈಗ ಕೆಲಸವಿದೆ.

ಭಾನುವಾರ ಹತ್ತು ಗಂಟೆಗೆ ಕರೆದುಕೊಂಡು ಹೋಗಲು ಬರುತ್ತೇನೆ. ಹರಿದ ಅಂಚುಗಳನ್ನೆಲ್ಲ ಅರದಿಂದ ಉಜ್ಜಿ ನುಣುಪು ಮಾಡಿಟ್ಟಿದ್ದೇನೆ. ಕೈಗೆ ಏನೂ ಚುಚ್ಚುವುದಿಲ್ಲ.

ಇಂತಿ,
ನಿಮ್ಮ ಸೋದರಸೊಸೆ