ಖಾಲಿ ಚೌಕದಲ್ಲಿ ಸುಂದ್ರವ್ವ

ಜೂನ್ ೩, ಮಂಗಳವಾರ. ಬೆಳಿಗ್ಗೆ

ನೀರು ಬಂತು, ಹೋಯಿತು. ಸೊಸೆ ದಾನೇಶ್ವರಿಯೂ ಪಕ್ಕದ ಖೋಲಿಯ ಸುಂದ್ರವ್ವನೂ ಮಾರುವ ರೊಟ್ಟಿ ಬಡಿಯಲು ಕೂತಿದ್ದಾರೆ. ಸಾಲು ಖೋಲಿಗಳ ಈ ಚಾಳಿಗೆ ಅವರ ಸಪ್ಪಳವೇ ಗಡಿಯಾರ. ಮೊಮ್ಮಗ ಕಾಶಿನಾಥ ಇನ್ನೂ ಹಾಸಿಗೆಯಲ್ಲಿ, ಮೊಬೈಲು ಎದೆಯ ಮೇಲೆ. ಹಾರ್ಬರ್ ಲೈನಿನಲ್ಲಿ ಯಾವ ಲೋಕಲ್ ರೈಲು ಲೇಟು, ಹಳಿ ರಿಪೇರಿಗೆಂದು ಎಲ್ಲಿ ಮೆಗಾಬ್ಲಾಕ್ — ಜನಕ್ಕೆ ಇದನ್ನು ಹೇಳುವ ವೆಬ್‌ಸೈಟು ಅವನದು. ತಾನು ಮಾತ್ರ ಯಾವ ಲೋಕಲ್ಲನ್ನೂ ಹಿಡಿಯುವವನಲ್ಲ.

ಎದ್ದ ಮೇಲೆ ತೋರಿಸಿದ. ಸುದ್ದಿಯ ನಡುವೆ ಬಿಳಿ ಚೌಕ, ಹಲ್ಲು ಬಿದ್ದ ಬಾಯಿಯ ಹಾಗೆ. ಜಾಹೀರಾತಿನ ಜಾಗವಂತೆ. ಕೊಳ್ಳುವವರಿಲ್ಲದಿದ್ದರೆ ಖಾಲಿ. ಖಾಲಿ ಕಂಡರೆ ಸೈಟಿನ ಮರ್ಯಾದೆ ಹೋಗುತ್ತದಂತೆ — ಇತ್ತು ಅನ್ನುವ ಹಾಗೆ. ಅದಕ್ಕೆ ಬ್ಯಾಕಪ್ ಜಾಹೀರಾತು ಒಂದು ಇಟ್ಟಿರಬೇಕು. ದುಡ್ಡಿನವರು ಬಾರದಿದ್ದಾಗ ಅದು ತಾನಾಗಿ ಬಂದು ಕೂರುತ್ತದೆ. ದುಡ್ಡಿನವರು ಬಂದರೆ ಏಳುತ್ತದೆ.

ಯಾರನ್ನು ಕೂರಿಸುತ್ತಾನಂತೆ? ಹೆತ್ತವ್ವನನ್ನು. ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಪುಕ್ಕಟೆ ಸಿಗುವವರು ಇನ್ಯಾರು.

ಜೂನ್ ೬

ಫೋಟೋ ತೆಗೆದ. ದಾನೇಶ್ವರಿ ಸೆರಗು ಎಳಕೊಂಡು ಕಲ್ಲಿನ ಹಾಗೆ ಕೂತಳು. ಇವನು ನಗು ಅಂದಷ್ಟೂ ಮುಖ ಗಂಟು. ಆಕೆಯ ಪಾಡು ನೋಡಿ ಸುಂದ್ರವ್ವನಿಗೆ ನಗು ತಡೆಯಲಿಲ್ಲ. ಕೈಯಲ್ಲಿ ರೊಟ್ಟಿ, ಬಾಯಿ ತುಂಬ ನಗು — ಟಕ್ ಅಂತ ಅದನ್ನೇ ಹೊಡೆದುಕೊಂಡ. ಚಲೋ ಬಂದಿದೆ. ಅವನ ಕೈಯಲ್ಲಿ ಚಲೋ ಬಂದ ಒಂದೇ ಕೆಲಸ.

ಸುಂದ್ರವ್ವನ ಗಂಡ ಗುರಲಿಂಗಪ್ಪ ಗೋರೆಗಾಂವ್‌ನ ಯಾವುದೋ ಟವರಿನಲ್ಲಿ ವಾಚ್‌ಮನ್. ರಾತ್ರಿ ಪಾಳಿ ಮುಗಿಸಿ ಬಂದವನು ಫೋಟೋವನ್ನು ಬಹಳ ಹೊತ್ತು ನೋಡಿದ.

"ಇಷ್ಟ್ ನಗಿ ನನ್ನ ಮುಂದ ಎಂದರ ನಕ್ಕೀಯೇನ?"

"ನೀ ಎಂದರ ನಗಸೀಯೇನ?" ಅಂದಳು ಅವಳು.

ಜೂನ್ ೨೪

ಆರ್ಡರ್ ಅಲ್ಲೊಂದು ಇಲ್ಲೊಂದು. ಕಾರಣ ಈಗ ತಿಳಿಯಿತು. ಮಳೆ ಜೋರಾಗಿ ಲೋಕಲ್ ನಿಂತರೆ ಊರೆಲ್ಲ ಇವನ ಸೈಟು ನೋಡುತ್ತದೆ. ಆಗ ಫ್ಲ್ಯಾಟಿನವರು, ವಿಮೆಯವರು, ಕೂದಲೆಣ್ಣೆಯವರು ಮುಗಿಬೀಳುತ್ತಾರೆ. ಸುಂದ್ರವ್ವ ಮಾಯ. ಎಲ್ಲ ಗಾಡಿ ಸರಿಯಾಗಿ ಓಡಿ, ನೋಡುವ ನಾಯಿಯೂ ಇಲ್ಲದ ದಿನ ಸುಂದ್ರವ್ವ ಹಾಜರ್.

ಎಲ್ಲರ ಊಟವಾದ ಮೇಲೆ ಹೆಂಗಸರ ಪಂಕ್ತಿ. ಕಂಪ್ಯೂಟರಿನಲ್ಲೂ ಅದನ್ನೇ ತಂದಿಟ್ಟಿದ್ದಾರೆ, ಓದಿದವರು. ಹೇಳಿದರೆ ಕಾಶಿನಾಥ ಹಿಂದಿಯಲ್ಲಿ ಏನೋ ಗೊಣಗಿದ. ಕನ್ನಡದಲ್ಲಿ ಸೋತರೆ ಅವನಿಗೆ ಹಿಂದಿ.

ಜುಲೈ ೮, ಮಂಗಳವಾರ

ಗುರಲಿಂಗಪ್ಪ ಹೋದ.

ಪಾಳಿ ಮುಗಿಸಿ ಬರುವಾಗ. ಮಳೆ, ಲೋಕಲ್ಲಿನ ಬಾಗಿಲಲ್ಲಿ ಜೋತುಬಿದ್ದ ಜನ. ಕೈ ಜಾರಿತಂತೆ... ಇನ್ನೇನೂ ಬರೆಯಲು ಮನಸ್ಸಿಲ್ಲ.

ಜುಲೈ ೯

ಮಣ್ಣು ಮಾಡಿ ಬಂದರು. ಆಮೇಲೆ ನಡೆದದ್ದು.

ಸತ್ತವರು ಯಾರೆಂದು ತಿಳಿಯುವ ಮೊದಲೇ ಕಾಶಿನಾಥ ಸುದ್ದಿ ಹಾಕಿದ್ದ — ಲೋಕಲ್‌ನಿಂದ ಬಿದ್ದು ವಾಚ್‌ಮನ್ ಸಾವು, ಗಾಡಿಗಳು ಲೇಟು. ಹೆಸರು ತಿಳಿದ ಮೇಲೆ ಹೆಸರನ್ನೂ ಸೇರಿಸಿದ. ಅತ್ತುಕೊಂಡೇ ಸೇರಿಸಿದನಂತೆ. ಅಳುವಾಗಲಾದರೂ ಕಣ್ಣು ಬಿಟ್ಟು ನೋಡಬಾರದೇ.

ಸುಂದ್ರವ್ವನ ಅಣ್ಣ ಸಿದ್ದರಾಮಪ್ಪ ಊರಿನಿಂದ ಬಂದಿದ್ದ. ಯಾರೋ ಕಳಿಸಿದ ಆ ಸುದ್ದಿಯನ್ನು ಮೊಬೈಲಿನಲ್ಲಿ ತೆರೆದ. ಸುದ್ದಿಯ ಕೆಳಗೇ ಚೌಕ. ಚೌಕದಲ್ಲಿ ಅವನ ತಂಗಿ. ರೊಟ್ಟಿ ಹಿಡಿದು, ಬಾಯಿ ತುಂಬ ನಗುತ್ತ. 'ಮನೆಯ ರುಚಿ, ಇವತ್ತೇ ತರಿಸಿಕೊಳ್ಳಿ.'

ಅವನು ಮೊಬೈಲನ್ನು ಕಾಶಿನಾಥನ ಮುಖದ ಮುಂದೆ ಹಿಡಿದ, ಅಷ್ಟೇ. ಮೂಲೆಯಲ್ಲಿ ಕೂತ ಸುಂದ್ರವ್ವನೂ ನೋಡಿದಳು.

ಮನೆಗೆ ಬಂದು ಕಾಶಿನಾಥನನ್ನು ಹಿಡಿದು ಕೇಳಿದೆ. ದೊಡ್ಡ ಕಂಪನಿಗಳು ಮೊದಲೇ ಹೇಳಿಟ್ಟಿರುತ್ತವಂತೆ — ಸಾವಿನ ಸುದ್ದಿಯ ಹತ್ತಿರ ನಮ್ಮ ಜಾಹೀರಾತು ಬೇಡ. ಹಾಗಾಗಿ ಆ ಪುಟದಲ್ಲಿ ಚೌಕ ಖಾಲಿ. ಖಾಲಿ ಅಂದರೆ ಬ್ಯಾಕಪ್. ಯಾರೂ ಕೈಯಾರೆ ಮಾಡಿದ್ದಲ್ಲ, ತಾನಾಗಿ ಆಗಿದ್ದು ಅಂದ.

ಕೂದಲೆಣ್ಣೆಗೂ ಮೈಲಿಗೆ ಇದೆ! ಎಣ್ಣೆ ಸೀಸೆ ಮೂಗು ಮುಚ್ಚಿಕೊಂಡು ದೂರ ನಿಂತಿತು. ಹೆಣದ ಪಕ್ಕ ನಿಂತು ನಗಲು ಹೆಂಡತಿಯೇ ಬೇಕಾಯಿತು. ತಾನಾಗಿ ಆಯಿತಂತೆ. ಇಟ್ಟವನು ಯಾರು, ತೆಗೆಯದವನು ಯಾರು?

ಜುಲೈ ೧೧. ಸಂಜೆ

ಇದಕ್ಕಿಂತ ಹೇಸಿಗೆ ಇನ್ನೊಂದಿದೆ.

ಆರ್ಡರ್ ಬರುತ್ತಲೇ ಇವೆ. ಊರೆಲ್ಲ ಸಾವನ್ನು ಓದಿದೆ, ಓದಿ ಹಸಿದಿದೆ. ದಾನೇಶ್ವರಿಯ ಫೋನು ಬಾಯಿ ಮುಚ್ಚಿಲ್ಲ. ಮೊದಲು ಆಕೆಯ ಮುಖ ಅರಳಿತು, ಅದನ್ನು ನಾನು ಕಂಡೆ. ಆಮೇಲೆ ನಾನು ಕಂಡದ್ದನ್ನು ಆಕೆ ಕಂಡಳು. ಬಂದ ಗಿರಾಕಿ ಹೋದರೆ ತಿರುಗಿ ಬರುವುದಿಲ್ಲ ಎಂದು ಕಾಶಿನಾಥ ಹಿಂದೆ ನಿಂತು ಕಿವಿ ಊದುತ್ತಿದ್ದ. ಒಬ್ಬಳೇ ಬಡಿದಳು, ಒಂದರ ಮೇಲೊಂದು ಅಟ್ಟಿ ಹಾಕಿದಳು. ಒಂದೇ ಕೈಯ ಸಪ್ಪಳ ಕೇಳಲಾಗುತ್ತಿರಲಿಲ್ಲ.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರು ರೊಟ್ಟಿ ಒಯ್ಯಬೇಕು. ನಮ್ಮ ಕಡೆಯ ಪದ್ಧತಿ, ಈ ಚಾಳಿನಲ್ಲೂ ಬಿಟ್ಟಿಲ್ಲ. ದಾನೇಶ್ವರಿ ಅಟ್ಟಿಯಿಂದ ಒಂದಿಷ್ಟು ಎತ್ತಿ ಬಟ್ಟೆಯಲ್ಲಿ ಕಟ್ಟಿ ಕೊಟ್ಟಳು. ನಾನೂ ತಲೆ ಓಡಿಸಲಿಲ್ಲ, ಒಯ್ದೆ.

ಸುಂದ್ರವ್ವ ಗಂಟು ಬಿಚ್ಚಿದಳು. ಮೇಲಿನ ರೊಟ್ಟಿಯನ್ನು ಬೆರಳಿನಿಂದ ತಟ್ಟಿದಳು. ಖಣ್ ಅಂದಿತು.

"ಆಯಿ, ಇವು ಮಾರೂ ರೊಟ್ಟಿ ಏನ, ಕೊಡೂ ರೊಟ್ಟಿ?"

ಬೈದಿದ್ದರೆ ನಾನೂ ಬೈದು ಬರುತ್ತಿದ್ದೆ. ಜೀವಮಾನವಿಡೀ ಬಾಯಿಂದಲೇ ಬದುಕಿದವಳು — ಗಂಟು ತಿರುಗಿ ಕಟ್ಟಿಕೊಂಡು ಬಂದೆ. ಅವಳ ಮನೆಯವರು ಇವತ್ತು ವಡಾ ಪಾವ್ ತರಿಸಿ ತಿಂದರು. ಇಷ್ಟು ವರ್ಷ ಗೋಡೆ ಹಂಚಿಕೊಂಡವರ ಒಲೆ ಉರಿಯುತ್ತಿರುವಾಗ.

ಜುಲೈ ೧೨

ದಾನೇಶ್ವರಿಗೆ ಅವಳ ಮಾತು ಹೇಳಿದೆ. ಕೈಯಲ್ಲಿದ್ದ ಹಿಟ್ಟು ಹಾಗೇ ಪರಾತದಲ್ಲಿ ಬಿಟ್ಟು ಎದ್ದಳು. ಒಬ್ಬೊಬ್ಬ ಗಿರಾಕಿಗೂ ಫೋನು ಮಾಡಿ ಆಗುವುದಿಲ್ಲ ಅಂದಳು. ಕಾರಣ ಹೇಳಲಿಲ್ಲ. ಒಬ್ಬ ಬೈದ. ಬೈಸಿಕೊಂಡಳು.

ಕಾಶಿನಾಥ ಸೈಟಿನಿಂದ ಆ ಫೋಟೋ ತೆಗೆದುಹಾಕಿದ. ಆಮೇಲೆ ನನ್ನನ್ನು ಕೇಳುತ್ತಾನೆ, ಆ ಜಾಗದಲ್ಲಿ ಏನು ಹಾಕಲಿ ಅಂತ.

"ಏನೂ ಹಾಕಬ್ಯಾಡ. ಖಾಲಿ ಬಿಡು."

"ಖಾಲಿ ಬಿಟ್ಟರ ಚಂದ ಕಾಣಂಗಿಲ್ಲ, ಆಯಿ."

"ಸತ್ತವನ ಪಕ್ಕ ಚಂದ ಯಾರಿಗೆ ಬೇಕೋ?"

ಬಿಟ್ಟ. ಮುಖ ಊದಿಸಿಕೊಂಡೇ ಬಿಟ್ಟ.

ಜುಲೈ ೧೩, ಭಾನುವಾರ. ಮಧ್ಯಾಹ್ನ

ನಾನೇ ಕೂತೆ. ಸೊಸೆಗೆ ಮುಟ್ಟಬೇಡ ಅಂದೆ. ಮೊದಲನೆಯದು ಸೀಳಿತು, ಎರಡನೆಯದು ಮಹಾರಾಷ್ಟ್ರದ ನಕಾಶೆ. ಇರಲಿ. ಖಡಕ್ ಮಾಡಲಿಲ್ಲ. ಮೆತ್ತಗಿನ ರೊಟ್ಟಿ — ಸಂಜೆಗೆ ಉಳಿಯುವುದಿಲ್ಲ, ಪಾಕೀಟಿಗೆ ಬರುವುದಿಲ್ಲ, ಯಾವನೂ ಮಾರಲಾರ. ಬಿಸಿ ಇರುವಾಗಲೇ ಬೇಳೆ ಪಲ್ಯದ ಜೊತೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋದೆ.

ಸಿದ್ದರಾಮಪ್ಪ ಬಾಗಿಲಲ್ಲಿದ್ದ. ತಂಗಿಯನ್ನು ನೋಡಿದ. ಸರಿದ.

ಸುಂದ್ರವ್ವ ಗಂಟು ಬಿಚ್ಚಲಿಲ್ಲ. ಬಟ್ಟೆಯ ಮೇಲೆ ಕೈಯಿಟ್ಟಳು. ಒತ್ತಿದಳು, ಬೆರಳು ಒಳಗಿಳಿಯಿತು. ಬಿಸಿ ಇನ್ನೂ ಇತ್ತು. ಆಮೇಲೆ ಬಿಚ್ಚಿ, ಸೀಳಿದ ರೊಟ್ಟಿಯನ್ನೇ ಹುಡುಕಿ ತೆಗೆದು, ಮುರಿದಳು. ಬಾಯಿಗಿಟ್ಟುಕೊಳ್ಳಲಿಲ್ಲ. ಅರ್ಧವನ್ನು ನನ್ನ ಕಡೆ ಚಾಚಿದಳು.

"ನೀನೂ ಉಣ್ಣು ಆಯಿ. ಒಬ್ಬಾಕಿಗೆ ಇಳಿಯವಲ್ಲದು."

ನಾನು ಅವಳ ಪಕ್ಕ ಕೂತು ಆ ಅರ್ಧ ಉಂಡೆ. ಉಳಿದರ್ಧ ಅವಳು ಉಂಡಳು.