ಹೊಳೆಯಾಚೆಯ ಹುಲ್ಲುಗಾವಲು

ತೆಮುಕೋ,
೧೪ ಫೆಬ್ರವರಿ ೧೯೦೯

ಪ್ರೀತಿಯ ದೊಮಿತಿಲಾ ಅಕ್ಕ,

ಮೂರು ಕಾಗದ ಬರೆದರೂ ಉತ್ತರಿಸದ ತಮ್ಮನ ಮೇಲೆ ನಿನಗೆ ಸಿಟ್ಟು ಬಂದಿರಬೇಕು. ಬರಲಿ. ಬಟ್ಟೆ ಒಗೆದೊಗೆದು ಬಿರಿದ ಕೈ ಈಗ ಹೇಗಿದೆ? ನೀನು ಕಳಿಸಿದ ಕೂಲಿಕಾರರ ಸಂಘದ ಕರಪತ್ರಗಳನ್ನು ಮಡಿಕೆ ಹರಿಯುವಷ್ಟು ಸಲ ಓದಿದೆ.

ಇಲ್ಲೀಗ ಬೇಸಿಗೆ, ಸುಗ್ಗಿ. ರೈಲು ಬಂದಮೇಲೆ ನಮ್ಮ ಗೋಧಿ ನಿನ್ನ ಬಂದರಿಗಿಳಿದು, ಉತ್ತರದ ಪೆಟ್ಲುಪ್ಪಿನ ಗಣಿಗಳಿಗೂ ಕಡಲಾಚೆಗೂ ಹೋಗುತ್ತಿದೆ. ಗಿರಣಿ ಒಡೆಯ ಎವಾರಿಸ್ತೊ ಪ್ಯಾರಿಸ್ಸಿನಿಂದ ಪಿಯಾನೊ ತರಿಸಿದ. ಕೊಯ್ಲಿನವರಿಗೆ ಮಾತ್ರ ಹತ್ತು ವರ್ಷದ ಹಿಂದಿನ ಕೂಲಿಯೇ. ದೇಶ ದಕ್ಷಿಣಕ್ಕೆ ಬೆಳೆಯಿತೆಂದು ಪತ್ರಿಕೆಗಳು ಹಿಗ್ಗುತ್ತವೆ. ಬೆಳೆದದ್ದು ಯಾರ ಹೊಟ್ಟೆ ಎಂದು ಒಂದಾದರೂ ಬರೆಯಬಾರದೇ?

ಈ ನೆಲದ ಮೂಲದವರಾದ ಮಾಪುಚೆ ಜನರ ಹಿರಿಯ ಪಾಯ್ನೆಮಾಲ್ ನೆನಪಿದ್ದಾನೆಯೇ? ಭೂಮಿ ಅಳೆಯುವ ಎಂಜಿನಿಯರನ ಸರಪಳಿ ಹಿಡಿಯುತ್ತಿದ್ದಾಗ ಒಂದು ವರ್ಷ ಅವನ ಮನೆಯಲ್ಲೇ ಉಂಡೆ; ಅವರ ಮಾತನ್ನೂ ಕಲಿತೆ. ಅವರ ದನಗಳು ಚಳಿಗಾಲಕ್ಕೆ ಮನೆಯ ಬಳಿ, ಬೇಸಿಗೆಗೆ ಹೊಳೆಯಾಚೆ. ಅಳತೆ ನಡೆದದ್ದು ಚಳಿಗಾಲದ ನಡುವೆ, ಜುಲೈ ಮಳೆಯಲ್ಲಿ. ಆಚೆ ಯಾರಾದರೂ ಇದ್ದಾರೆಯೇ ಎಂದು ಎಂಜಿನಿಯರ್ ಕೇಳಿದ. “ಈಗ್ಯಾರೂ ಇಲ್ಲಪ್ಪ, ಈ ಕೆಸರಲ್ಲಿ ಕಪ್ಪೆ ಇರ್ತಾವೆ ಅಷ್ಟೆ” ಎಂದು ಮುದುಕ ನಕ್ಕ. ಕಾಗದದಲ್ಲಿ ‘ಖಾಲಿ’ ಎಂದಾಯಿತು. ಖಾಲಿ ನೆಲ ಸರ್ಕಾರದ್ದಂತೆ. ಹರಾಜಿನಲ್ಲಿ ಅದು ಎವಾರಿಸ್ತೊ ಪಾಲಾಯಿತು.

ಮೊನ್ನೆ ಆ ಹುಲ್ಲುಗಾವಲು ಉತ್ತು ಬೆಳೆದ ಗೋಧಿಯಲ್ಲೇ ಮುದುಕ ಕುಡುಗೋಲು ಹಿಡಿದು ಕೂಲಿಗೆ ಬಗ್ಗಿದ್ದ.

“ಅಜ್ಜ, ಬಿಸಾಕು ಅದನ್ನ! ಕಚೇರಿಗೆ ಹೋಗೋಣ, ಅರ್ಜಿ ನಾನು ಬರೀತೀನಿ!” ಎಂದು ಗುಡುಗಿದೆ.

“ಮೊದ್ಲು ನೀರು ಕುಡಿ. ಕೊಯ್ಯೋನು ನಾನು, ಬೆವರೋನು ನೀನಾ?” ಎಂದ. ಆಮೇಲೆ ತಗ್ಗಿದ ದನಿಯಲ್ಲಿ, “ಯಾರೂ ಇಲ್ಲ ಅಂದೋನು ನಾನೇ ಅಲ್ವೇನೋ? ಮಕ್ಕಳು ನನ್ನ ಹತ್ರ ಮಾತೇ ಬಿಟ್ಟವ್ರೆ. ಎಲ್ಲಾ ಈ ನಾಲಿಗೆ ಮಾಡಿದ್ದು” ಎಂದ.

ನಾನು ನೀರು ಕುಡಿದೆ.

ನಾನು ನಂಬದ ಆ ಕನ್ಯಾಮಾತೆಗೆ ಮೇಣದಬತ್ತಿ ಹಚ್ಚುವಾಗ ನನ್ನ ಹೆಸರನ್ನೂ ಹೇಳು. ನಿನ್ನ ಮಕ್ಕಳು ಚೆನ್ನಾಗಿರಲಿ.

ನಿನ್ನ ತಮ್ಮ,
ಲಿಬೋರಿಯೊ

ತಾ.ಕ.: ಅಳತೆಯ ದಿನ ಮುದುಕನ ಉತ್ತರ ಕಪ್ಪೆಯ ಮಾತಿಗೇ ಮುಗಿದಿರಲಿಲ್ಲ, ಅಕ್ಕ. “ಬೇಸಿಗೇಲಿ ನಾವೆಲ್ಲ ಅಲ್ಲೇ, ನೀನೇ ಅಲ್ಲಿ ಹಾಲು ಕುಡಿದಿದ್ದೀಯಲ್ಲ” ಎಂದೂ ಅಂದಿದ್ದ. ಅವರ ಮಾತು ಬಾರದ ಎಂಜಿನಿಯರನಿಗೆ ಅದನ್ನು ತಿಳಿಸಬೇಕಾದವನು ನಾನು. ತಿಳಿಸಿದ್ದರೆ ತುಂಬಿದ ಹೊಳೆ ದಾಟಿ ಇನ್ನೆರಡು ದಿನ ಅಳೆಯಬೇಕಿತ್ತು. ನಾನು ತೊಯ್ದು ನಡುಗುತ್ತಿದ್ದೆ. ಮೊದಲರ್ಧವನ್ನಷ್ಟೇ ಹೇಳಿದೆ. ಮುದುಕನಿಗೆ ಇದು ಗೊತ್ತಿಲ್ಲ. ಕಳೆದ ವಾರ ನನ್ನನ್ನು ಕೇಳಿ ಮೊಮ್ಮಗನಿಗೆ ನನ್ನ ಹೆಸರಿಟ್ಟ. ಹೆಸರು ಕೊಟ್ಟವನು ಕುರಿ ಕೊಡಬೇಕು; ಆಮೇಲೆ ಸಾಯುವತನಕ ಆ ಹೆಸರಿನ ಇಬ್ಬರೂ ಒಬ್ಬರನ್ನೊಬ್ಬರು ‘ಲಾಕು’, ಅಂದರೆ ಹೆಸರಿನ ನಂಟ, ಎನ್ನಬೇಕು. ಕುರಿ ಕೊಟ್ಟು ಬಂದೆ. ಆ ಉಳಿದರ್ಧ ಮಾತನ್ನು ಇನ್ನೂ ಕೊಟ್ಟಿಲ್ಲ.